ಸಹಾಯ ಬೇಕು: ಟೆಂಟ್ ಪ್ರವಾಸಕ್ಕೆ ರಾತ್ರಿ ಅಡುಗೆ ಏನು ಮಾಡಲಿ?

ನಮಸ್ಕಾರ. ಡಿಸೆಂಬರ್ ರಜೆಗೆ ಕಾರಿನಲ್ಲಿ ಹಂಪಿ, ಬಾದಾಮಿಗೆ ಹೊರಟಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ. ಮೂರು ರಾತ್ರಿ ಟೆಂಟಿನಲ್ಲಿ. 5 ಕೆಜಿ ಸಿಲಿಂಡರ್, ಒಂದೇ ಒಲೆ, 3 ಲೀಟರ್ ಕುಕ್ಕರ್; ಫ್ರಿಜ್ ಇಲ್ಲ. ದಿನಕ್ಕೆ 500 ರೂಪಾಯಿ ದಾಟಬಾರದು.

ಬೆಳಗ್ಗೆಗೆ ರವೆ ಹುರಿದು ಒಣ ಒಗ್ಗರಣೆ ಬೆರೆಸಿಟ್ಟಿದ್ದೇನೆ, ಕುದಿಯುವ ನೀರು ಹಾಕಿದರೆ ಉಪ್ಪಿಟ್ಟು. ಪುಳಿಯೋಗರೆ ಗೊಜ್ಜೂ ಇದೆ. ಬಾದಾಮಿಯಲ್ಲಿ ಮಧ್ಯಾಹ್ನದ ಚಿಂತೆಯಿಲ್ಲ. ಬನಶಂಕರಿ ಗುಡಿ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಪುಟ್ಟ ಗಡಿಗೆಯ ಮೊಸರು ಮಾರುತ್ತಾರೆ. ಅದನ್ನು ಬಿಟ್ಟು ಒಲೆ ಹಚ್ಚಲು ನನಗೆ ಮನಸ್ಸಿಲ್ಲ.

ಕಷ್ಟ ಇರುವುದು ರಾತ್ರಿಗೆ. ಅತ್ತೆಗೆ ಸಕ್ಕರೆ ಕಾಯಿಲೆ, ದಿನಾ ಅನ್ನ ಬಡಿಸಲಾರೆ. ರಾಗಿ ಹಿಟ್ಟು ಒಯ್ದರೆ ಮುದ್ದೆ ಆಗುತ್ತದೆ, ಅದಕ್ಕೆ ತರಕಾರಿಯಿಲ್ಲದೆ ಬೇಗ ಆಗುವ ಸಾರು ಯಾವುದು? ಹುರುಳಿಯನ್ನು ಹುರಿದು ಪುಡಿ ಮಾಡಿ ಒಯ್ದು ಸಾರು ಮಾಡಿದವರಿದ್ದರೆ, ಐದು ಜನರ ಅಳತೆ ತಿಳಿಸಿ.