ಸೆಮಿನಾರ್ ಅಂದ್ರೆ ನಾಲಗೆ ಅಂಟಿಕೊಳ್ತದೆ, ಎಂತ ಮಾಡುದು?

ಪಿಯುಸಿವರೆಗೆ ಕನ್ನಡ ಮೀಡಿಯಂ, ಈಗ ಮಂಗಳೂರಲ್ಲಿ ಬಿ.ಕಾಂ ಮೊದಲ ವರ್ಷ. ಇಂಗ್ಲಿಷಲ್ಲಿ ಪಾಠ ಅರ್ಥ ಆಗ್ತದೆ, ಬರೀಲಿಕ್ಕೂ ಬರ್ತದೆ. ಎದ್ದು ನಿಂತ್ರೆ ಮಾತ್ರ ಒಂದು ಶಬ್ದ ಹೊರಡುದಿಲ್ಲ. ಮುಂದಿನ ವಾರ ನನ್ನ ಸರದಿ. ಅನುಭವ ಇದ್ದವರು ಹೇಳಿ.

ಬ್ರಹ್ಮಾವರದಿಂದ:
ನನ್ನನ್ನು ಕೆಡವಿದ್ದು ಒಂದೇ ಅಕ್ಷರ ಮಾರಾಯ್ರೆ. ‘ಎವ್ರಿಬಡಿ’ ಅನ್ನುವಲ್ಲಿ ‘ಯೆವ್ರಿಬಡಿ’ ಅಂದೆ. ಹಿಂದಿನ ಬೆಂಚಿಂದ ಯಾರೋ ಅದನ್ನೇ ಎಳೆದು ಹೇಳಿದ್ರು. ಮತ್ತೆ ಎರಡು ವರ್ಷ ಹಾಜರಿಗೆ ‘ಪ್ರೆಸೆಂಟ್’ ಬಿಟ್ರೆ ಬಾಯಿ ತೆರೀಲಿಲ್ಲ. ಅದೇ ನಾನು ರಾತ್ರಿ ತಾಳಮದ್ದಳೆಗೆ, ಅಂದ್ರೆ ವೇಷ ಇಲ್ಲದೆ ಕೂತು ಮಾತಾಡುವ ಯಕ್ಷಗಾನಕ್ಕೆ, ಕೂತ್ರೆ ಪುಸ್ತಕ ಇಲ್ಲದೆ ಅರ್ಧ ಗಂಟೆ ಅರ್ಥ (ಪಾತ್ರದ ಮಾತು) ಹೇಳ್ತಿದ್ದೆ! ಎದುರಿನವರು ಮಾತಲ್ಲಿ ಸಿಕ್ಕಿಸಿ ಹಾಕಿದ್ರೂ ಹೆದರಿಕೆ ಇಲ್ಲ. ಅಂದ ಮೇಲೆ ಹೆದರಿಕೆ ಸಭೆಯದ್ದಲ್ಲ ಅಂತ ಗೊತ್ತಾಯ್ತು. ಅರ್ಥಧಾರಿ ಮಾತನ್ನು ಉರು ಹೊಡೆಯುದಿಲ್ಲ. ಭಾಗವತರು ಹಾಡಿದ ಪದ್ಯ ಹಿಡ್ಕೊಂಡು ಅದರ ಸುತ್ತ ಬೆಳೆಸ್ತಾನೆ. ಸೆಮಿನಾರಿಗೂ ಹಾಗೇ ಮಾಡಿದೆ. ಚೀಟಿಯಲ್ಲಿ ಐದು ಶಬ್ದ, ಬಾಯಿಪಾಠ ಮೊದಲ ಎರಡು ವಾಕ್ಯ ಮಾತ್ರ. ವ್ಯಾಕರಣ ನಡುವೆ ಎಡವಿತು, ಎಡವಲಿ. ಪೂರ್ತಿ ಉರು ಹೊಡೆದು ಹೋಗ್ಬೇಡಿ, ಒಂದು ಶಬ್ದ ಮರೆತ್ರೆ ಇಡೀ ಗೋಡೆ ಬೀಳ್ತದೆ.

ಮಣಿಪಾಲದಿಂದ, ಪಾಠ ಮಾಡುವವಳು:
ಈ ಅಳುಕನ್ನು ಅಳೀಲಿಕ್ಕೆ 1986ರಲ್ಲಿ ಭಾಷಾ ಕಲಿಕೆಯ ಸಂಶೋಧಕಿ ಎಲೈನ್ ಹಾರ್ವಿಟ್ಸ್ ಮತ್ತು ಸಂಗಡಿಗರು 33 ಹೇಳಿಕೆಗಳ ಪಟ್ಟಿಯನ್ನೇ ಮಾಡಿದ್ದಾರೆ. ಅವರು ನೋಡಿದ್ದು ಯಾರನ್ನು ಗೊತ್ತುಂಟಾ? ಟೆಕ್ಸಾಸ್‌ನಲ್ಲಿ ಹೊಸದಾಗಿ ಸ್ಪ್ಯಾನಿಷ್ ಕಲಿಯುವ ಕಾಲೇಜು ಮಕ್ಕಳನ್ನು. ಅಮೆರಿಕದವರಿಗೂ ಕ್ಲಾಸಲ್ಲಿ ಎದೆ ಢವಢವ. ಮಾತಿನ ಅಳುಕು, ಪರೀಕ್ಷೆಯ ಭಯ, ‘ಉಳಿದವರು ಎಂತ ಅಂದ್ಕೊಳ್ತಾರೋ’, ಈ ಮೂರನ್ನೂ ಅವರು ಹೆಸರಿಸಿದ್ರು. ನಿಮ್ಮದು ಮೂರನೆಯದ್ದು ಅಂತ ನನಗೆ ಕಾಣ್ತದೆ. ಲೆಕ್ಚರರ್ ಹತ್ರ ಮೊದಲೇ ಹೋಗಿ, ನಡುವೆ ತಿದ್ದಬೇಡಿ, ಕೊನೆಗೆ ಹೇಳಿ ಅಂತ ಕೇಳಿ. ಕೇಳಿದ್ರೆ ಹೆಚ್ಚಿನವರು ಒಪ್ತಾರೆ.

ಸುರತ್ಕಲ್‌ನಿಂದ:
ನಮ್ಮ ಮನೆಯಲ್ಲಿ ತುಳು, ಕನ್ನಡ ಶಾಲೆಯಲ್ಲೇ ಕಲಿತದ್ದು. ಒಂದನೇ ಕ್ಲಾಸಲ್ಲಿ ‘ಟೀಚರ್, ನೀರು ಪರ್ಲಿಕ್ಕೆ ಹೋಗ್ಲಾ?’ ಅಂದಿದ್ದೆ. ಅವರು ನಗಲಿಲ್ಲ. ‘ಕುಡೀಲಿಕ್ಕಾ? ಹೋಗು’ ಅಂದ್ರು, ಅಷ್ಟೇ. ಕನ್ನಡದ ಹೆದರಿಕೆ ನನಗೆ ಹತ್ತಲೇ ಇಲ್ಲ.

ಕೇಳಿದವಳು:
ಚೀಟಿ ಬರೆದೆ. ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿಗೆ ಹೋಗುವ ಬಸ್ಸಲ್ಲಿ ಕೂತು ಆ ಎರಡು ವಾಕ್ಯ ಗುನುಗ್ತಿದ್ದೆ. ಕಂಡಕ್ಟರ್ ಬಗ್ಗಿ ‘ಎಲ್ಲಿಗೆ ಅಂದದ್ದು?’ ಅಂತ ಕೇಳಿದ್ರು.