ಆ್ಯಪ್‌ನಲ್ಲಿ ಕೊಟ್ಟ ದೂರು ಮುಗಿಯಿತು ಎಂದು ಹೇಳಬೇಕಾದವರು ಯಾರು?

ಕೊಟ್ಟಾರದವ:
ಜೋರು ಮಳೆ ಬಂದರೆ ಕೊಟ್ಟಾರ ಚೌಕಿಯಲ್ಲಿ ಕೃತಕ ನೆರೆ. ಇದು ಮಂಗಳೂರಿನ ಎಲ್ಲರಿಗೂ ಗೊತ್ತು. ಈಗ ಪಾಲಿಕೆಗೆ ದೂರು ಕೊಡಲು ಆ್ಯಪ್ ಉಂಟು, ರಸ್ತೆ ನೋಡಲು ಕ್ಯಾಮೆರಾ, ಅದನ್ನು ಒಂದೇ ಕಡೆ ಕೂತು ನೋಡುವ ಕಮಾಂಡ್ ಸೆಂಟರ್ ಎಲ್ಲ ಉಂಟು. ಆದರೆ ದೂರು ಮುಗಿಯಿತು ಎಂದು ಗುರುತು ಹಾಕುವುದು ಯಾರ ಕೈಯಲ್ಲಿರಬೇಕು? ಕೆಲಸ ಮಾಡಬೇಕಾದವರೇ ಹಾಕಿದರೆ ಆ ಲೆಕ್ಕವನ್ನು ನಂಬುವುದು ಹೇಗೆ? ದೂರು ಕೊಟ್ಟವರು ಒಪ್ಪಿದ ಮೇಲೆಯೇ ಮುಚ್ಚಬೇಕು.

ಬಿಜೈ ಅಕ್ಕ:
ಒಳ್ಳೆಯದೂ ಆಗಿದೆ, ಅದನ್ನು ಬಿಡಬೇಡಿ. ಮನೆ ತೆರಿಗೆಯನ್ನು ಕೂತಲ್ಲಿಂದಲೇ ಕಟ್ಟಬಹುದು. ನನಗೆ ಜಾಸ್ತಿ ಇಷ್ಟವಾದದ್ದು ಸರ್ಕಾರಿ ಸೇವೆ ಹೇಳಿದ ದಿನದೊಳಗೆ ಸಿಗಬೇಕು ಎನ್ನುವ 2011ರ ಸಕಾಲ ಕಾಯ್ದೆ. ಅರ್ಜಿಗೆ ನಂಬರ್, ಜೊತೆಗೆ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದೇ. ಆದರೆ ತಡ ಮಾಡಿದವರು ಉತ್ತರ ಕೊಡಲೇಬೇಕು, ಅಲ್ವಾ? ಆ್ಯಪ್‌ನ ಪ್ರತಿ ದೂರಿಗೂ ಇಂಥ ಬಿಗಿ ಬೇಕು.

ನಿವೃತ್ತ ಗುಮಾಸ್ತ:
ಕೊಟ್ಟಾರದವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಕಚೇರಿಯ ಒಳಗಿನ ಕಷ್ಟವನ್ನೂ ನೋಡಿ. ಪಕ್ಕದ ಮನೆಯವರ ಮೇಲಿನ ಹಗೆಯೂ ದೂರಾಗಿ ಬರುತ್ತದೆ ಮಾರಾಯ್ರೆ. ಕೆಲಸ ಆದ ಮೇಲೂ ಕೆಲವರು ಒಪ್ಪುವುದಿಲ್ಲ. ಅವರಿಗಾಗಿ ಎಷ್ಟು ದಿನ ತೆರೆದಿಡುವುದು?

ಕೊಟ್ಟಾರದವ:
ಹಾಗಾದರೆ ದೂರು ಮುಗಿಯಿತೋ ಇಲ್ಲವೋ ಎಂದು ವಾರ್ಡ್ ಸಮಿತಿ ಹೇಳಲಿ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿನಲ್ಲಿ ಅದು ಇರಲೇಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ.

ಸುರತ್ಕಲ್ ಇಂಜಿನಿಯರ್:
ಇಲ್ಲಿ ಇನ್ನೊಂದು ವಿಷಯ ಬಿಟ್ಟುಹೋಗಿದೆ. ಮಂಗಳೂರು ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್ ಪಟ್ಟಿಗೆ ಸೇರಿದ್ದು 2016ರಲ್ಲಿ. ಅದಕ್ಕೆಂದೇ ಒಂದು ಕಂಪನಿ ಮಾಡಿದರು. ಪಾಲು ಅರ್ಧ ರಾಜ್ಯದ್ದು, ಅರ್ಧ ಪಾಲಿಕೆಯದ್ದು. ನಾವು ಓಟು ಹಾಕುವುದು 60 ವಾರ್ಡುಗಳಿಗೆ. ಸ್ಮಾರ್ಟ್ ಸಿಟಿ ಯೋಜನೆಗಳು ತೀರ್ಮಾನ ಆಗಿದ್ದು ಕಂಪನಿಯ ಬೋರ್ಡಿನಲ್ಲಿ. ಕೇಂದ್ರದ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕ್ಯಾಮೆರಾ, ಸರ್ವರ್ ನೋಡಿಕೊಳ್ಳುವ ಖರ್ಚು ಮಾತ್ರ ಪ್ರತಿ ವರ್ಷ ಬರುತ್ತದೆ. ಅದನ್ನು ವಾರ್ಡಿನ ಜನರ ಮುಂದೆ ಇಡಬೇಕು.

ಮತ್ತೆ ನೆರೆಯ ವಿಷಯ. ನೀರಿಗೆ ವಾರ್ಡಿನ ಗಡಿ ಗೊತ್ತಿಲ್ಲ. ಮೇಲೆ ಚರಂಡಿಯ ಹೂಳು ತೆಗೆದು ಫೋಟೊ ಹಾಕಿ ದೂರು ಮುಚ್ಚಬಹುದು. ಕೆಳಗೆ ತೋಡು, ಅಂದರೆ ಮಳೆನೀರು ಹರಿಯುವ ಹಳ್ಳ, ಕಟ್ಟಿಕೊಂಡಿದ್ದರೆ ನೀರು ಮತ್ತೆ ರಸ್ತೆಗೇ ಬರುತ್ತದೆ. ಆ್ಯಪ್ ಒಂದೊಂದು ದೂರನ್ನು ಬೇರೆ ಬೇರೆಯಾಗಿ ಎಣಿಸುತ್ತದೆ. ತೋಡನ್ನು ಪೂರ್ತಿ ನೋಡುವವರು ಬೇಕು.

ಬಿಜೈ ಅಕ್ಕ:
ಇದು ಸರಿಯಾದ ಮಾತು. ನಮ್ಮ ಬೀದಿಯ ವಯಸ್ಸಾದ ಹೆಂಗಸರಿಗೆ ಒಟಿಪಿ ಗೊತ್ತಿಲ್ಲ. ನೀರು ಯಾವ ಕಡೆಯಿಂದ ಬರುತ್ತದೆ ಎಂದು ಅವರೇ ಚೆನ್ನಾಗಿ ಹೇಳುತ್ತಾರೆ. ತೋಡಿನ ನಕ್ಷೆ ಮಾಡುವಾಗ ಅವರ ಮಾತೂ ಸೇರಲಿ.

ನಿವೃತ್ತ ಗುಮಾಸ್ತ:
ಒಂದು ತೋಡಿಗೆ ಸೇರಿದ ವಾರ್ಡುಗಳೆಲ್ಲ ಒಟ್ಟಿಗೆ ಕೂತು ದೂರು ಮುಗಿಯಿತು ಎಂದು ಸಹಿ ಹಾಕುವುದಾದರೆ ನಾನು ಒಪ್ಪುತ್ತೇನೆ. ಮೇ ತಿಂಗಳಲ್ಲೇ ಕೂರಬೇಕು. ಜೂನ್ ಬಂದ ಮೇಲೆ ಹೂಳು ತೆಗೆಯಲು ಆಗುವುದಿಲ್ಲ.