ಆ ಸಾಲ ಕೊಟ್ಟವರು ನಾವೇ, ಭಾವ

ಭಾವ, ಬೆಳಿಗ್ಗೆ ನೀವು ಗುಂಪಿಗೆ ಹಾಕಿದ ಸಂದೇಶ ನೋಡಿದೆ. 1947ರಲ್ಲಿ ಒಂದು ಡಾಲರಿಗೆ ಒಂದೇ ರೂಪಾಯಿ ಇತ್ತಂತೆ, ಸರ್ಕಾರಗಳು ವಿಶ್ವಬ್ಯಾಂಕಿನಲ್ಲಿ ಸಾಲ ಮಾಡಿ ಮಾಡಿ ಈ ಗತಿಗೆ ತಂದವಂತೆ. ಅದರ ಕೆಳಗೆ ನಮ್ಮ ಪುಟ್ಟ, ‘ನೋಟು ಮುದ್ರಿಸಿ ಸಾಲ ತೀರಿಸಿಬಿಡಬಹುದಲ್ಲ’ ಎಂದು ಕೇಳಿದ್ದಾನೆ. ಇಷ್ಟನ್ನೆಲ್ಲ ಟೈಪ್ ಮಾಡುವ ತಾಳ್ಮೆ ನನಗಿಲ್ಲ, ಬಾಯಲ್ಲೇ ಹೇಳುತ್ತೇನೆ. ಉದ್ದವಾಯಿತು ಎನಿಸಿದರೆ ಊಟ ಮಾಡುತ್ತಾ ಕೇಳಿ.

ಒಂದಕ್ಕೆ ಒಂದು ಎನ್ನುವುದು ಶುದ್ಧ ಸುಳ್ಳು. ಆಗ ರೂಪಾಯಿಯ ಬೆಲೆಯನ್ನು ಕಟ್ಟಿದ್ದು ಬ್ರಿಟನ್ನಿನ ಪೌಂಡಿಗೆ, ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್‌ನಂತೆ. ಆ ಲೆಕ್ಕದಲ್ಲಿ ಡಾಲರಿಗೆ ಮೂರೂಕಾಲು ರೂಪಾಯಿಗಿಂತ ಸ್ವಲ್ಪ ಹೆಚ್ಚೇ ಆಗುತ್ತಿತ್ತು. ತಮಾಷೆ ಏನೆಂದರೆ, ಆಗ ಸಾಲಗಾರರು ನಾವಲ್ಲ, ಬ್ರಿಟನ್. ಎರಡನೇ ಮಹಾಯುದ್ಧಕ್ಕೆ ನಮ್ಮಿಂದ ಪಡೆದ ಸರಕು, ಸೇವೆಗಳ ಬಾಕಿಯೇ 1947ರಲ್ಲಿ ನೂರು ಕೋಟಿ ಪೌಂಡಿಗೂ ಮೇಲಿತ್ತು. 1949ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80ಕ್ಕೆ ಇಳಿಸಿತು. ನಮಗೆ ಬರಬೇಕಾಗಿದ್ದ ಬಾಕಿ ಪೌಂಡಿನಲ್ಲಿ ಅಷ್ಟೇ ಇತ್ತು, ಡಾಲರಿನಲ್ಲಿ ನೋಡಿದರೆ ಸುಮಾರು ಮೂರನೇ ಒಂದು ಭಾಗ ಕರಗಿಹೋಯಿತು. ರೂಪಾಯಿಯೂ ಪೌಂಡಿನ ಜೊತೆಗೇ ಇಳಿದು ಡಾಲರಿಗೆ 4.76 ರೂಪಾಯಿ ಆಯಿತು.

1966ರ ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ರೂಪಾಯಿಯನ್ನು ಮತ್ತೆ ಇಳಿಸಿ, ಡಾಲರಿಗೆ 7.50 ರೂಪಾಯಿ ಮಾಡಿತು. ಎರಡು ಯುದ್ಧ, ಬರಗಾಲ, ನಿಂತುಹೋದ ಅಮೆರಿಕದ ನೆರವು, ಕಾರಣ ಒಂದೆರಡಲ್ಲ.

1991ರದ್ದು ಮಾತ್ರ ನಿಜವಾಗಿಯೂ ಹೊರಗಿನ ಸಾಲದ ಕಥೆ. ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿದಿತ್ತು. ಜುಲೈ 1 ಮತ್ತು 3ರಂದು ರೂಪಾಯಿಯನ್ನು ಎರಡು ಕಂತಿನಲ್ಲಿ ಇಳಿಸಿದರು, ಅದೇ ತಿಂಗಳು ಸುಮಾರು 47 ಟನ್ ಚಿನ್ನವನ್ನು ಅಡವಿಡಲು ಹೊರಕ್ಕೆ ಸಾಗಿಸಿದರು. ಪುಟ್ಟ, ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ನಮ್ಮ ಮೈಸೂರಿನ ಮುದ್ರಣಾಲಯದಲ್ಲಿ ರೂಪಾಯಿ ಅಚ್ಚಾಗುತ್ತದೆ, ಡಾಲರ್ ಅಚ್ಚಾಗುವುದಿಲ್ಲ.

ರೂಪಾಯಿ ಸಾಲಕ್ಕೆ ನೀನು ಹೇಳುವ ಉಪಾಯವನ್ನು ನಮ್ಮವರು ದಶಕಗಟ್ಟಲೆ ಮಾಡಿದ್ದಾರಪ್ಪ. 1955ರ ಒಂದು ಏರ್ಪಾಡಿನಂತೆ, ಶುಕ್ರವಾರ ಕೇಂದ್ರ ಸರ್ಕಾರದ ಖಾತೆಯಲ್ಲಿ 50 ಕೋಟಿಗಿಂತ ಕಡಿಮೆ ಇದ್ದರೆ ರಿಸರ್ವ್ ಬ್ಯಾಂಕ್ 91 ದಿನಗಳ ಖಜಾನೆ ಹುಂಡಿ, ಅಂದರೆ ಸರ್ಕಾರದ ಅಲ್ಪಾವಧಿ ಸಾಲಪತ್ರ, ಪಡೆದು ಹಣ ತುಂಬಬೇಕಿತ್ತು. ಅವಧಿ ಮುಗಿದರೆ ಹಳೆಯದರ ಜಾಗಕ್ಕೆ ಹೊಸ ಹುಂಡಿ. ಸಂಸತ್ತಿನಲ್ಲಿ ಚರ್ಚೆಯಿಲ್ಲ, ತೆರಿಗೆಯಿಲ್ಲ, ಹಣ ಮಾತ್ರ ಹುಟ್ಟುತ್ತಿತ್ತು. ಸರಕು ಹೆಚ್ಚದೆ ಹಣ ಮಾತ್ರ ಹೆಚ್ಚಿದರೆ ರೂಪಾಯಿ ಸವೆಯುತ್ತದೆ, ಉಳಿದರ್ಧ ಉತ್ತರ ಅದೇ. ಮನಮೋಹನ್ ಸಿಂಗ್ ಹಣಕಾಸು ಸಚಿವರು, ರಂಗರಾಜನ್ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದಾಗ, 1994ರಲ್ಲಿ ಒಪ್ಪಂದವಾಗಿ 1997ರ ಏಪ್ರಿಲ್‌ನಿಂದ ಅದು ನಿಂತಿತು. ನನ್ನನ್ನು ಕೇಳಿದರೆ 1991ರ ಆರ್ಥಿಕ ಸುಧಾರಣೆಗಳಿಗಿಂತ ದೊಡ್ಡ ಸುಧಾರಣೆ ಅದೇ. ಯಾರೂ ಅದರ ವಾರ್ಷಿಕೋತ್ಸವ ಮಾಡುವುದಿಲ್ಲ.

ಭಾವ, ಕೇಂದ್ರದ ಸಾಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ದೇಶದೊಳಗಿನದು. ಕೊಟ್ಟವರು ಬ್ಯಾಂಕುಗಳು, ಎಲ್‌ಐಸಿ, ಭವಿಷ್ಯ ನಿಧಿ. ಅವರ ಕೈಯಲ್ಲಿರುವುದು ಯಾರ ಹಣ? ನಾನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತಿದ್ದಾಗ, 1990ರಲ್ಲಿ, ನೂರು ರೂಪಾಯಿ ಠೇವಣಿ ಬಂದರೆ 38.50 ರೂಪಾಯಿಯಷ್ಟು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲೇ ಇಡಬೇಕೆಂಬ ನಿಯಮವಿತ್ತು. ಈಗ ಅದು 18. ವಿಶ್ವಬ್ಯಾಂಕನ್ನು ಬಯ್ಯುವ ಮೊದಲು ನಿಮ್ಮ ಪಾಸ್‌ಬುಕ್ ತೆರೆದು ನೋಡಿ, ಸಾಲ ಕೊಟ್ಟವರ ಹೆಸರು ಮೊದಲ ಪುಟದಲ್ಲೇ ಇದೆ.

ಹಾಗಾಗಿ ರೂಪಾಯಿ ಸವೆದರೆ ಸರ್ಕಾರದ ಹೊರೆ ಹಗುರವಾಗುತ್ತದೆ, ನಮ್ಮ ಗಂಟು ಕರಗುತ್ತದೆ. 1949ರಲ್ಲಿ ಬ್ರಿಟನ್ ಎದುರು ನಮಗೆ ಆದದ್ದೂ ಇದೇ ಅಲ್ಲವೇ? ಅಪ್ಪ 1967ರಲ್ಲಿ ನನ್ನ ಮದುವೆಗೆಂದು ಐದು ಸಾವಿರದ ವಿಮೆ ಮಾಡಿಸಿದ್ದರು. ಇಪ್ಪತ್ತೈದು ವರ್ಷ ಕಂತು ತಪ್ಪಿಸಲಿಲ್ಲ. ಕೊನೆಗೆ ಬೋನಸ್ ಸೇರಿ ಪೂರ್ತಿ ಹಣ ಬಂತು, ಒಂದು ಪೈಸೆಯ ಮೋಸವಿಲ್ಲ. ಅದರಲ್ಲಿ ಒಂದು ಫ್ರಿಜ್ ಬಂತು.

ಈಗ ಹಣದುಬ್ಬರದ ಅಧಿಕೃತ ಗುರಿ ವರ್ಷಕ್ಕೆ 4 ಶೇಕಡಾ, ಎರಡು ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ಗುರಿ ತಪ್ಪದೆ ನಡೆದರೂ ಹದಿನೆಂಟು ವರ್ಷಕ್ಕೆ ಹಣದ ಬೆಲೆ ಅರ್ಧ. ನಿವೃತ್ತಿಯ ಹಣವನ್ನೆಲ್ಲ ಹತ್ತು ವರ್ಷದ ಠೇವಣಿಗೆ ಹಾಕುತ್ತೇನೆ ಎಂದಿದ್ದಿರಿ. ಭಾನುವಾರ ಬರುವಾಗ ಕಾಗದಗಳನ್ನು ತನ್ನಿ, ಬಡ್ಡಿಯಲ್ಲಿ ತೆರಿಗೆ ಕಳೆದು ಈ ನಾಲ್ಕನ್ನೂ ಕಳೆದರೆ ಏನು ಉಳಿಯುತ್ತದೆ ಎಂದು ಕೂತು ಲೆಕ್ಕ ಹಾಕೋಣ.